ಕಂಡವರಿಲ್ಲದ ಗಳಿಗೆ: ಕ್ರೈಸ್ತ ಕಲೆಯಲ್ಲಿ ಪುನರುತ್ಥಾನದ ಪ್ರತೀಕ

೧

ಏಸುಕ್ರಿಸ್ತನ ಚರಿತ್ರೆಯನ್ನು ಹೇಳುವ ನಾಲ್ಕು ಸುವಾರ್ತೆಗಳನ್ನು ಒಟ್ಟಿಗೆ ಇಟ್ಟುಕೊಂಡು ಓದುವವರಿಗೆ ಒಂದು ವಿಚಿತ್ರವಾದ ಮೌನ ಗೋಚರಿಸದೆ ಇರದು. ಕ್ರಿಸ್ತನ ಮರಣವನ್ನು ಅವು ಗಳಿಗೆಗಳಿಗೆಯಾಗಿ ವರ್ಣಿಸುತ್ತವೆ. ಮುಳ್ಳಿನ ಕಿರೀಟ, ಹುಳಿರಸದಲ್ಲಿ ಅದ್ದಿದ ಸ್ಪಂಜು, ಬಟ್ಟೆಗಾಗಿ ಚೀಟಿ ಹಾಕಿದ ಸಿಪಾಯಿಗಳು, ಪಕ್ಕೆಯನ್ನು ತಿವಿದ ಈಟಿ, ದೇಹವನ್ನು ಬೇಡಿ ಪಡೆದು ಹೂಳಿದವನ ಹೆಸರು, ಎಲ್ಲವೂ ಅಲ್ಲಿ ಉಂಟು. ಆದರೆ ಸಮಾಧಿಯ ಬಾಯಿಗೆ ಕಲ್ಲನ್ನು ಉರುಳಿಸಿದ ಮೇಲೆ ಮೂರನೆಯ ದಿನದ ಬೆಳಗಿನವರೆಗೆ ಒಳಗೆ ಏನಾಯಿತೆಂಬುದನ್ನು ಒಂದು ಸುವಾರ್ತೆಯೂ ಹೇಳುವುದಿಲ್ಲ. ಹೆಂಗಸರು ಸುಗಂಧದ್ರವ್ಯಗಳನ್ನು ಹಿಡಿದು ಬರುತ್ತಾರೆ, ಕಲ್ಲು ಉರುಳಿರುತ್ತದೆ, ಒಳಗೆ ದೇಹವಿರುವುದಿಲ್ಲ. ಮಾರ್ಕನ ಸುವಾರ್ತೆಯ ಅತ್ಯಂತ ಹಳೆಯ ಪ್ರತಿಗಳಂತೂ ಆ ಹೆಂಗಸರು ಹೆದರಿ ಓಡಿಹೋದರು, ಯಾರಿಗೂ ಏನನ್ನೂ ಹೇಳಲಿಲ್ಲ ಎಂಬಲ್ಲಿಗೇ ನಿಂತುಬಿಡುತ್ತವೆ. ಪೇತ್ರನ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಒಂದು ಗ್ರಂಥ ಮಾತ್ರ ಆ ಘಟನೆಯನ್ನು ಕಣ್ಣಾರೆ ಕಂಡಂತೆ ಬಣ್ಣಿಸಿತು. ಅದನ್ನು ಕ್ರೈಸ್ತಸಭೆ ಅಂಗೀಕರಿಸಲಿಲ್ಲ.

ಒಂದು ಮಹಾಧರ್ಮದ ನಂಬಿಕೆಯೆಲ್ಲ ಯಾವ ಗಳಿಗೆಯ ಮೇಲೆ ನಿಂತಿದೆಯೋ ಆ ಗಳಿಗೆಗೆ ಕಂಡವರಿಲ್ಲ! ಬೋಧಕನಿಗೆ ಇದು ತೊಡಕಲ್ಲ. ಆತ ‘ಎದ್ದನು’ ಎಂದು ಹೇಳಿ ಮುಂದಕ್ಕೆ ಹೋಗಬಹುದು. ಚಿತ್ರಕಾರನಿಗೆ ಆ ಸೌಕರ್ಯವಿಲ್ಲ. ಅವನು ತೋರಿಸಬೇಕು. ಯಾರೂ ಕಾಣದುದನ್ನು ತೋರಿಸುವುದು ಹೇಗೆ? ಈ ಪ್ರಶ್ನೆಗೆ ಕ್ರೈಸ್ತ ಕಲೆ ಕಾಲಕಾಲಕ್ಕೆ ಕೊಟ್ಟ ಉತ್ತರಗಳನ್ನು ಪರಿಶೀಲಿಸುವುದೂ, ಅವುಗಳಲ್ಲಿ ಪ್ರತೀಕವೆನ್ನಿಸಿಕೊಳ್ಳಲು ಯಾವುದು ಅರ್ಹ, ಯಾವುದು ಬರಿಯ ಅಲಂಕಾರ ಎಂಬುದನ್ನು ವಿವೇಚಿಸುವುದೂ ಈ ಲೇಖನದ ಉದ್ದೇಶ.

೨

ಮೊದಲ ಶತಮಾನಗಳ ಕ್ರೈಸ್ತರು ಈ ತೊಡಕಿಗೆ ಕೈಹಾಕಲೇ ಇಲ್ಲ. ರೋಮಿನ ನೆಲದಡಿಯ ಶ್ಮಶಾನಗಳ ಗೋಡೆಗಳಲ್ಲಿ ಸಮಾಧಿಯಿಂದ ಏಳುತ್ತಿರುವ ಕ್ರಿಸ್ತನನ್ನು ಹುಡುಕಿದರೆ ಸಿಕ್ಕುವುದಿಲ್ಲ. ಸಿಕ್ಕುವವನು ಮೀನಿನ ಹೊಟ್ಟೆಯಲ್ಲಿ ಮೂರು ದಿನವಿದ್ದು ಹೊರಬಂದ ಯೋನ. ಶವವಸ್ತ್ರದಲ್ಲಿ ಸುತ್ತಿದ ಗೊಂಬೆಯಂತೆ ಗವಿಯ ಬಾಗಿಲಲ್ಲಿ ನಿಂತ ಲಾಜರ. ಒಂದನ್ನು ಹೇಳಿ ಇನ್ನೊಂದನ್ನು ಧ್ವನಿಸುವ ಮಾರ್ಗವಿದು. ನಮ್ಮ ಅಲಂಕಾರಿಕರು ವಾಚ್ಯಕ್ಕಿಂತ ವ್ಯಂಗ್ಯಕ್ಕೆ ಹೆಚ್ಚಿನ ಬೆಲೆ ಕೊಟ್ಟುದನ್ನು ಬಲ್ಲ ವಾಚಕರಿಗೆ ಇದರ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಮಾರ್ಗದ ಪರಾಕಾಷ್ಠೆಯೆಂದು ನಾವು ಎಣಿಸಬೇಕಾದದ್ದು ವ್ಯಾಟಿಕನ್ನಿನ ವಸ್ತುಸಂಗ್ರಹಾಲಯದಲ್ಲಿರುವ ಸುಮಾರು ೩೫೦ರ ಒಂದು ಕಲ್ಲಿನ ಶವಸಂಪುಟ. ಅದರ ನಡುವಣ ಅಂಕಣದಲ್ಲಿ ಒಂದು ಬರಿಯ ಶಿಲುಬೆ. ಅದರ ತಲೆಯ ಮೇಲೆ ರೋಮನ್ನರ ಜಯಮಾಲೆ. ಮಾಲೆಯೊಳಗೆ ಕ್ರಿಸ್ತನ ಹೆಸರಿನ ಮೊದಲೆರಡು ಗ್ರೀಕ್ ಅಕ್ಷರಗಳನ್ನು ಹೆಣೆದ ಲಾಂಛನ. ಎರಡು ಹಕ್ಕಿಗಳು ಆ ಮಾಲೆಯನ್ನು ಕುಕ್ಕುತ್ತಿವೆ. ಶಿಲುಬೆಯ ತೋಳುಗಳ ಕೆಳಗೆ ಇಬ್ಬರು ಕಾವಲಿನ ಸಿಪಾಯಿಗಳು, ಒಬ್ಬ ನಿದ್ದೆಹೋಗಿದ್ದಾನೆ. ದೇಹವೇ ಇಲ್ಲ. ಸಾವಿನ ಸಲಕರಣೆಯೂ ಗೆಲವಿನ ಗುರುತೂ ಒಂದೇ ಕಂಬದಲ್ಲಿ ಸೇರಿಕೊಂಡಿವೆ, ಅಷ್ಟೆ. ಬುದ್ಧನ ಇರವನ್ನು ಬರಿದಾದ ಪೀಠದಿಂದಲೂ ಹೆಜ್ಜೆಯ ಗುರುತಿನಿಂದಲೂ ಸೂಚಿಸಿದ ಅಮರಾವತಿ, ಸನ್ನತಿಗಳ ಶಿಲ್ಪಿಗಳನ್ನು ಬಲ್ಲ ನಮಗೆ ಈ ಸಂಯಮ ಅಪರಿಚಿತವಲ್ಲ. ಆದರೆ ಭೇದವನ್ನೂ ಗಮನಿಸಬೇಕು. ಅಲ್ಲಿ ಬರಿದಾದ ಪೀಠ ರೂಪವನ್ನು ದಾಟಿದವನನ್ನು ಸೂಚಿಸುತ್ತದೆ. ಇಲ್ಲಿ ಬರಿದಾದ ಶಿಲುಬೆ ಮತ್ತೆ ಬಂದವನನ್ನು ಸೂಚಿಸುತ್ತದೆ.

೩

ಪೂರ್ವದ ಕ್ರೈಸ್ತರು ಮುಂದೆ ಬೇರೊಂದು ದಾರಿಯನ್ನು ಹಿಡಿದರು. ಸಮಾಧಿಯ ಮೇಲುಗಡೆ ಏನಾಯಿತೆಂಬುದನ್ನು ಯಾರೂ ಕಾಣದಿದ್ದರೆ ಕೆಳಗಡೆ ಏನಾಯಿತೆಂಬುದನ್ನು ಬರೆಯೋಣ ಎಂದರು. ಸತ್ತ ಕ್ರಿಸ್ತ ಪಾತಾಳಕ್ಕೆ ಇಳಿದು, ಅಲ್ಲಿ ಸೆರೆಯಲ್ಲಿದ್ದ ಪೂರ್ವಿಕರನ್ನು ಬಿಡಿಸಿದನೆಂಬುದು ಅವರ ಚಿತ್ರದ ವಸ್ತು. ಇದಕ್ಕೆ ಅವರು ಇಟ್ಟ ಹೆಸರು ‘ಅನಾಸ್ತಾಸಿಸ್’. ಗ್ರೀಕ್ ಭಾಷೆಯಲ್ಲಿ ‘ಎದ್ದು ನಿಲ್ಲುವುದು’ ಎಂದು ಅರ್ಥ.

ಇಸ್ತಾಂಬುಲ್ ನಗರದ ಖೋರಾ ದೇವಾಲಯದ ಪಾರ್ಶ್ವಮಂದಿರದಲ್ಲಿರುವ ಅನಾಸ್ತಾಸಿಸ್ ಈ ಜಾತಿಯ ಚಿತ್ರಗಳಲ್ಲಿ ಅಗ್ರಗಣ್ಯವಾದದ್ದು. ಥಿಯೊಡೋರ್ ಮೆಟೊಖೈಟೀಸ್ ಎಂಬ ಬೈಜಾಂಟಿಯಮ್ಮಿನ ವಿದ್ವಾಂಸಮಂತ್ರಿ ಆ ದೇವಾಲಯವನ್ನು ಜೀರ್ಣೋದ್ಧಾರ ಮಾಡಿಸಿದಾಗ, ಸುಮಾರು ೧೩೧೫ರಿಂದ ೧೩೨೧ರ ಅವಧಿಯಲ್ಲಿ, ಅದು ರಚಿತವಾಯಿತು. ಬಿಳಿಯ ಉಡುಪಿನ ಕ್ರಿಸ್ತ ಕಾಲುಗಳನ್ನು ಅಗಲಿಸಿ ನಿಂತಿದ್ದಾನೆ. ಅವನ ಕೆಳಗೆ ಪಾತಾಳದ ಬಾಗಿಲುಗಳು ಮುರಿದು ಬಿದ್ದಿವೆ. ಬೀಗಗಳೂ ಕೀಲಿಗಳೂ ಕತ್ತಲೆಯಲ್ಲಿ ಚೆಲ್ಲಾಡಿವೆ. ಅವುಗಳ ನಡುವೆ ಕೈಕಾಲು ಕಟ್ಟಿಸಿಕೊಂಡ ಮೃತ್ಯುವಿನ ಒಡೆಯ. ಒಂದು ಕಡೆ ಆದಾಮ, ಮತ್ತೊಂದು ಕಡೆ ಹವ್ವ. ಇಬ್ಬರನ್ನೂ ಅವನು ಗೋರಿಗಳಿಂದ ಎಳೆದು ಎಬ್ಬಿಸುತ್ತಿದ್ದಾನೆ. ಎಳೆತದ ರಭಸಕ್ಕೆ ಅವರ ಉಡುಪುಗಳು ಹಿಂದಕ್ಕೆ ಹಾರುತ್ತಿವೆ.

ಇಲ್ಲಿ ಒಂದು ಸಣ್ಣ ವಿವರವನ್ನು ಕಣ್ಣಿಟ್ಟು ನೋಡಬೇಕು. ಕ್ರಿಸ್ತ ಹಿಡಿದಿರುವುದು ಅವರ ಕೈಗಳನ್ನಲ್ಲ, ಮಣಿಕಟ್ಟುಗಳನ್ನು. ಕೈಗೆ ಕೈ ಕೊಟ್ಟರೆ ಹಿಡಿತದಲ್ಲಿ ಇಬ್ಬರ ಬಲವೂ ಇರುತ್ತದೆ. ಮಣಿಕಟ್ಟನ್ನು ಹಿಡಿದರೆ ಬಲವೆಲ್ಲ ಹಿಡಿದವನದೇ. ಸತ್ತವನು ತನ್ನ ಶಕ್ತಿಯಿಂದ ಏಳಲಾರ ಎಂಬ ಸಿದ್ಧಾಂತವನ್ನು ಹೇಳಲು ಧರ್ಮಶಾಸ್ತ್ರಜ್ಞನಿಗೆ ಒಂದು ಅಧ್ಯಾಯ ಬೇಕಾದೀತು. ಚಿತ್ರಕಾರ ಅದನ್ನು ನಾಲ್ಕು ಅಂಗುಲದ ಸ್ಥಳಾಂತರದಲ್ಲಿ ಹೇಳಿ ಮುಗಿಸಿದ್ದಾನೆ. ಪ್ರತೀಕವೆಂದರೆ ಇದು. ವಿಚಾರವನ್ನು ತಂದು ಚಿತ್ರದ ಮೇಲೆ ಅಂಟಿಸಿದ್ದಲ್ಲ, ಹಿಡಿತವೇ ವಿಚಾರವಾಗಿದೆ.

ಈ ಮಂದಿರದ ಚರಿತ್ರೆಯೂ ಲಕ್ಷ್ಯಕ್ಕೆ ಅರ್ಹವಾದದ್ದು. ತುರ್ಕರ ಕಾಲದಲ್ಲಿ ಅದು ಮಸೀದಿಯಾಯಿತು. ಚಿತ್ರಗಳು ಹೊದಿಕೆಯ ಕೆಳಗೆ ಮರೆಯಾದುವು. ಇಪ್ಪತ್ತನೆಯ ಶತಮಾನದ ನಡುವಣ ವರ್ಷಗಳಲ್ಲಿ ವಿದ್ವಾಂಸರು ಅವನ್ನು ಮತ್ತೆ ಬೆಳಕಿಗೆ ತಂದರು. ಬಹುಕಾಲ ವಸ್ತುಸಂಗ್ರಹಾಲಯವಾಗಿದ್ದ ಆ ಕಟ್ಟಡವನ್ನು ಪುನಃ ಮಸೀದಿಯಾಗಿಸಬೇಕೆಂಬ ಆಜ್ಞೆ ೨೦೨೦ರಲ್ಲಿ ಹೊರಟಿತು. ೨೦೨೪ರಲ್ಲಿ ಪ್ರಾರ್ಥನೆಗೆ ಬಾಗಿಲು ತೆರೆಯಿತು.

೪

ಪಶ್ಚಿಮದ ಕ್ರೈಸ್ತರಿಗೆ ಸೂಚನೆ ಸಾಲದೆ ಹೋಯಿತು. ಹನ್ನೊಂದು ಹನ್ನೆರಡನೆಯ ಶತಮಾನಗಳಿಂದ ಅಲ್ಲಿನ ಚಿತ್ರಕಾರರು ಸುವಾರ್ತೆಗಳು ಬಿಟ್ಟ ಗಳಿಗೆಯನ್ನೇ ಬರೆಯತೊಡಗಿದರು: ತೆರೆದ ಕಲ್ಲಿನ ತೊಟ್ಟಿ, ಅದರಿಂದ ಕಾಲನ್ನೆತ್ತಿ ಹೊರಕ್ಕೆ ಬರುತ್ತಿರುವ ಕ್ರಿಸ್ತ, ಸುತ್ತಲೂ ಮಲಗಿದ ಕಾವಲುಗಾರರು. ಅಪಾಯ ಈ ಮಾರ್ಗದಲ್ಲಿಯೇ ಹೆಚ್ಚು. ಸಾವಿನಿಂದ ಏಳುವುದು ಹಾಸಿಗೆಯಿಂದ ಏಳುವಂತೆ ಕಾಣುವುದಕ್ಕೆ ಎಷ್ಟು ಹೊತ್ತು? ಈ ಅಪಾಯವನ್ನು ಬಲ್ಲವನಾಗಿ, ಅದನ್ನೇ ಸಾಧನವನ್ನಾಗಿ ಮಾಡಿಕೊಂಡವನು ಪಿಯೆರೊ ದೆಲ್ಲ ಫ್ರಾಂಚೆಸ್ಕ.

ಮಧ್ಯ ಇಟಲಿಯ ಸಾನ್‌ಸೆಪೋಲ್ಕ್ರೊ ಅವನ ಹುಟ್ಟೂರು. ಊರಿನ ಹೆಸರಿಗೇ ‘ಪವಿತ್ರ ಸಮಾಧಿ’ ಎಂದು ಅರ್ಥ. ಇಬ್ಬರು ಯಾತ್ರಿಕರು ಕ್ರಿಸ್ತನ ಸಮಾಧಿಯ ಅವಶೇಷಗಳನ್ನು ತಂದು ನೆಲೆಗೊಳಿಸಿದ ಊರಿದು ಎಂಬುದು ಅಲ್ಲಿನ ಐತಿಹ್ಯ. ಊರಿನ ಆಡಳಿತಭವನದ ಗೋಡೆಯ ಮೇಲೆ ಪಿಯೆರೊ ೧೪೬೦ರ ದಶಕದಲ್ಲಿ ಈ ಭಿತ್ತಿಚಿತ್ರವನ್ನು ಬರೆದ. ಸುಮಾರು ಏಳು ಅಡಿ ಎತ್ತರ, ಆರೂವರೆ ಅಡಿ ಅಗಲ. ಅಂದರೆ ಇದು ದೇವಾಲಯದ ಚಿತ್ರವಲ್ಲ. ತೆರಿಗೆ, ತಕರಾರು, ದಂಡನೆಗಳ ಮಾತು ನಡೆಯುತ್ತಿದ್ದ ಮನೆಯ ಚಿತ್ರ.

ಚಿತ್ರದಲ್ಲಿ ಚಲನೆಯೇ ಇಲ್ಲ. ನಸುಗೆಂಪು ವಸ್ತ್ರವನ್ನು ಹೊದೆದ ಕ್ರಿಸ್ತ ಎಡಗಾಲನ್ನು ತೊಟ್ಟಿಯ ಅಂಚಿನ ಮೇಲೆ ಊರಿ, ಧ್ವಜವನ್ನು ಹಿಡಿದು, ಕಂಬದಂತೆ ನೇರವಾಗಿ ನಿಂತಿದ್ದಾನೆ. ಪಕ್ಕೆಯ ಗಾಯದಿಂದ ರಕ್ತ ಇಳಿದಿದೆ. ಕಣ್ಣುಗಳು ನಮ್ಮನ್ನೇ ನೋಡುತ್ತಿವೆ. ಆ ನೋಟದಲ್ಲಿ ಸಂತೋಷವಿಲ್ಲ, ಆಹ್ವಾನವಿಲ್ಲ. ಏನನ್ನೋ ಕಂಡುಬಂದವನ ನೋಟ ಅದು. ಕೆಳಗೆ ನಾಲ್ವರು ಸಿಪಾಯಿಗಳು ನಿದ್ರಿಸುತ್ತಿದ್ದಾರೆ. ತಲೆಯನ್ನು ಹಿಂದಕ್ಕೆ ಚಾಚಿ ಕಲ್ಲಿಗೆ ಒರಗಿಸಿದವನೊಬ್ಬನ ಮುಖ ಚಿತ್ರಕಾರನದೇ ಎಂದು ಪರಂಪರೆ ಹೇಳುತ್ತದೆ. ಹಿನ್ನೆಲೆಯ ಬೆಟ್ಟಗಳಲ್ಲಿ ನಮ್ಮ ಎಡಕ್ಕೆ ಎಲೆಯುದುರಿದ ಬೋಳು ಮರಗಳು, ಬಲಕ್ಕೆ ಚಿಗುರಿದ ಮರಗಳು.

ಪಿಯೆರೊ ಚಿತ್ರಕಾರನಷ್ಟೇ ಅಲ್ಲ, ಗಣಿತಜ್ಞ. ದೂರಸಮೀಪಗಳನ್ನು ಚಿತ್ರಿಸುವ ಶಾಸ್ತ್ರವನ್ನು ಕುರಿತು ಗ್ರಂಥವನ್ನೇ ಬರೆದವನು. ಅಂಥವನು ಇಲ್ಲಿ ಒಂದೇ ಚಿತ್ರದಲ್ಲಿ ಎರಡು ದೃಷ್ಟಿಗಳನ್ನಿಟ್ಟಿದ್ದಾನೆ. ಸಿಪಾಯಿಗಳನ್ನು ನಾವು ಕೆಳಗಿನಿಂದ, ನೆಲದ ಮಟ್ಟದಿಂದ ನೋಡುತ್ತೇವೆ. ಕ್ರಿಸ್ತನನ್ನು ಮಾತ್ರ ಎದುರಿಗೆ, ಸಮದೃಷ್ಟಿಯಿಂದ. ಇದು ತಪ್ಪಿ ಆದದ್ದೆಂದು ಯಾರೂ ಹೇಳಲಾರರು. ನೆಲದ ಲೆಕ್ಕ ಮಲಗಿದವರಿಗೆ ಅನ್ವಯಿಸುತ್ತದೆ, ಎದ್ದವನಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಗಣಿತಜ್ಞ ಗಣಿತದಿಂದಲೇ ಹೇಳಿದ್ದಾನೆ. ಹಾಗಾದರೆ ಯಾರೂ ಕಾಣದ ಗಳಿಗೆಯನ್ನು ಬರೆದ ತಪ್ಪಿಗೆ ಅವನ ಸಮಾಧಾನವೇನು? ಚಿತ್ರದೊಳಗೂ ಯಾರೂ ಕಾಣುತ್ತಿಲ್ಲ ಎಂಬುದೇ ಸಮಾಧಾನ. ಚಿತ್ರಕಾರ ತನ್ನನ್ನೂ ನಿದ್ರಿತರ ಗುಂಪಿನಲ್ಲಿ ಸೇರಿಸಿಕೊಂಡಿದ್ದಾನೆ ಎಂಬ ಪರಂಪರೆಯ ಮಾತು ನಿಜವಾದರೆ ಅದರ ವಿನಯ ದೊಡ್ಡದು: ಇದನ್ನು ಬರೆದವನೂ ಇದನ್ನು ಕಾಣಲಿಲ್ಲ.

೫

ಬೋಳುಮರ, ಚಿಗುರುಮರಗಳನ್ನು ಹಿಡಿದುಕೊಂಡು ಕೆಲವು ವಿಮರ್ಶಕರು ಬೇರೊಂದು ತೀರ್ಮಾನಕ್ಕೆ ಹೋಗುತ್ತಾರೆ. ಸರ್ ಜೇಮ್ಸ್ ಫ್ರೇಜರ್ ೧೮೯೦ರಲ್ಲಿ ‘ದಿ ಗೋಲ್ಡನ್ ಬೌ’ ಗ್ರಂಥವನ್ನು ಪ್ರಕಟಿಸಿದಂದಿನಿಂದ ಸತ್ತು ಏಳುವ ದೇವತೆಗಳೆಲ್ಲ ಋತುಚಕ್ರದ ರೂಪಕಗಳೆಂಬ ಮತ ವಿದ್ವತ್ಪ್ರಪಂಚದಲ್ಲಿ ಬೇರೂರಿತು. ಒಸೈರಿಸ್, ಅಡೋನಿಸ್, ಅಟ್ಟಿಸ್ ಇವರ ಸಾಲಿನಲ್ಲಿ ಕ್ರಿಸ್ತನೂ ಒಬ್ಬ. ಚಳಿಗಾಲದಲ್ಲಿ ಸಾಯುತ್ತದೆ, ವಸಂತದಲ್ಲಿ ಚಿಗುರುತ್ತದೆ. ಪುನರುತ್ಥಾನವೆಂದರೆ ಇಷ್ಟೇ ಎಂಬುದು ಈ ಪಕ್ಷದ ಸಾರ. ಹಬ್ಬ ವಸಂತದಲ್ಲಿ ಬರುವುದೂ ಪಿಯೆರೊ ಮರಗಳನ್ನು ಬರೆದುದೂ ಇದಕ್ಕೆ ಅನುಕೂಲವಾಗಿಯೇ ಇವೆ. ಈ ಪಕ್ಷವನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ.

ಆದರೂ ಇದು ಚಿತ್ರಗಳ ಸಾಕ್ಷ್ಯಕ್ಕೆ ಹೊಂದುವುದಿಲ್ಲವೆಂದೇ ಈ ಲೇಖಕನ ಅಭಿಪ್ರಾಯ. ಹೊಸ ಚಿಗುರಿಗೆ ಹಳೆಯ ಎಲೆಯ ನೆನಪಿಲ್ಲ. ಹಿಂದಿನ ಮಾಗಿಯ ಕೊರೆತ ಈ ವಸಂತದ ಎಲೆಯ ಮೇಲೆ ಗುರುತು ಬಿಡುವುದಿಲ್ಲ. ಎದ್ದ ಕ್ರಿಸ್ತನ ದೇಹದಲ್ಲಾದರೋ ಗಾಯಗಳು ಉಳಿದಿವೆ. ಯೋಹಾನನ ಸುವಾರ್ತೆಯಲ್ಲಿ ಮಗ್ದಲದ ಮರಿಯಳು ಎದ್ದವನನ್ನು ಮೊದಲು ತೋಟಗಾರನೆಂದು ಭ್ರಮಿಸುತ್ತಾಳೆ. ಸಂಶಯಪಟ್ಟ ತೋಮ ಗಾಯಗಳನ್ನು ಮುಟ್ಟದೆ ನಂಬುವುದಿಲ್ಲವೆನ್ನುತ್ತಾನೆ. ಗುರುತು ಹಿಡಿಯಲು ಗಾಯವೇ ಸಾಧನ. ಕಾರವಾಜಿಯೊ ಸುಮಾರು ೧೬೦೧–೦೨ರಲ್ಲಿ ಬರೆದ ತೋಮನ ಚಿತ್ರದಲ್ಲಿ ಆ ಮುದುಕನ ಬೆರಳನ್ನು ಕ್ರಿಸ್ತನೇ ಹಿಡಿದು ಪಕ್ಕೆಯ ಸೀಳಿನೊಳಕ್ಕೆ ನಡೆಸುತ್ತಾನೆ. ಋತುಚಕ್ರದ ರೂಪಕಕ್ಕೆ ಈ ಬೆರಳಿನಿಂದ ಏನು ಕೆಲಸ?

ಈ ವಾದಕ್ಕೆ ಬಲವಾದ ಆಧಾರ ಗ್ರೂನೆವಾಲ್ಡನ ಇಸೆನ್‌ಹೈಮ್ ಪೂಜಾಪೀಠ. ೧೫೧೨ರಿಂದ ೧೫೧೬ರವರೆಗೆ ಅವನು ಅದನ್ನು ರಚಿಸಿದ್ದು ಸಂತ ಆಂಟನಿಯ ಪಂಥದ ಸಂನ್ಯಾಸಿಗಳ ಮಠಕ್ಕೆ. ಈಗ ಅದು ಫ್ರಾನ್ಸಿನ ಕೊಲ್ಮಾರ್ ಊರಿನ ಉಂಟರ್‌ಲಿಂಡನ್ ವಸ್ತುಸಂಗ್ರಹಾಲಯದಲ್ಲಿದೆ. ಆ ಮಠ ರೋಗಿಗಳ ಆಶ್ರಯವೂ ಆಗಿತ್ತು. ರೈ ಎಂಬ ಧಾನ್ಯಕ್ಕೆ ತಗಲುವ ಒಂದು ಬಗೆಯ ಬೂಷ್ಟಿನಿಂದ ಬರುತ್ತಿದ್ದ ಆ ಕಾಯಿಲೆಯನ್ನು ಜನ ‘ಸಂತ ಆಂಟನಿಯ ಬೆಂಕಿ’ ಎನ್ನುತ್ತಿದ್ದರು; ಮೈಯೆಲ್ಲ ಉರಿದು, ಕೈಕಾಲುಗಳು ಕರಿಗಟ್ಟಿ ಕೊಳೆತು ಹೋಗುತ್ತಿದ್ದುವು. ಅಂಥ ರೋಗಿಗಳು ಈ ಪೀಠದ ಎದುರಿಗೆ ಬರುತ್ತಿದ್ದರು. ರೆಕ್ಕೆಯ ಹಲಗೆಗಳು ಮುಚ್ಚಿದ್ದಾಗ ಅವರು ಕಾಣುತ್ತಿದ್ದುದು ಶಿಲುಬೆಗೇರಿದ ಕ್ರಿಸ್ತ: ಹಸಿರುಗಟ್ಟಿದ ಮೈ, ಮೈತುಂಬ ಹುಣ್ಣು, ಸೆಟೆದುಕೊಂಡ ಬೆರಳುಗಳು. ತಮ್ಮ ಕಾಯಿಲೆಯನ್ನೇ ಅವರು ದೇವರ ಮೈಯಲ್ಲಿ ಕಂಡರು.

ಹಬ್ಬದ ದಿನಗಳಲ್ಲಿ ಹಲಗೆಗಳನ್ನು ತೆರೆದರೆ ಬಲಗಡೆ ಪುನರುತ್ಥಾನ. ನಕ್ಷತ್ರಗಳ ಕಪ್ಪು ಇರುಳು. ಅದರಲ್ಲಿ ಹಳದಿ ಕೆಂಪುಗಳ ಬೃಹತ್ತಾದ ಪ್ರಭಾವಳಿ. ನಡುವೆ ಕ್ರಿಸ್ತ ತೇಲುತ್ತಿದ್ದಾನೆ. ಮುಖ ಬೆಳಕಿನಲ್ಲಿ ಕರಗುವಂತಿದೆ. ಸಿಪಾಯಿಗಳು ಮುಗ್ಗರಿಸಿ ಬಿದ್ದಿದ್ದಾರೆ. ಎರಡು ಕೈಗಳನ್ನೂ ಎತ್ತಿ ಅವನು ಅಂಗೈಗಳನ್ನು ತೋರಿಸುತ್ತಾನೆ. ಶಿಲುಬೆಯ ಮೇಲಿದ್ದ ಹುಣ್ಣುಗಳಲ್ಲಿ ಒಂದೂ ಈ ಮೈಯಲ್ಲಿ ಇಲ್ಲ. ಮೊಳೆಯ ಗಾಯಗಳು ಮಾತ್ರ ಇವೆ, ಅವು ಕೆಂಪಾಗಿ ಹೊಳೆಯುತ್ತಿವೆ. ರೋಗ ಹೋಯಿತು, ಗಾಯ ಉಳಿಯಿತು. ಈ ಭೇದದಲ್ಲಿ ಗ್ರೂನೆವಾಲ್ಡನ ದರ್ಶನವೆಲ್ಲ ಅಡಗಿದೆ. ಸುಮ್ಮನೆ ಬಂದು ಮೈಯನ್ನು ತಿಂದ ನೋವು ಅಳಿಯುತ್ತದೆ. ಮತ್ತೊಬ್ಬರಿಗಾಗಿ ಹೊತ್ತ ನೋವು ಅಳಿಯುವುದಿಲ್ಲ, ಬೆಳಕಾಗುತ್ತದೆ. ಕೈ ಕಳೆದುಕೊಂಡ ರೋಗಿಯ ಎದುರಿಗೆ ಕಲೆಯಿಲ್ಲದ ಅಖಂಡ ದೇಹವನ್ನು ಬರೆದು ತೋರಿಸಿದ್ದರೆ ಅದು ಪರಿಹಾಸ್ಯವಾಗುತ್ತಿತ್ತು.

ಹಾಗೆಂದು ಎಲ್ಲರೂ ಈ ವಿವೇಕವನ್ನು ಉಳಿಸಿಕೊಳ್ಳಲಿಲ್ಲ. ಹದಿನಾರನೆಯ ಶತಮಾನದಿಂದೀಚೆಗೆ ಮಲ್ಲನಂಥ ಮೈಕಟ್ಟಿನ ಕ್ರಿಸ್ತರು ಗಾಳಿಗೆ ಹಾರುವ ಚಿತ್ರಗಳು ಲೆಕ್ಕವಿಲ್ಲದಷ್ಟು ಬಂದುವು. ಗಾಯವನ್ನು ಅವರೂ ಬರೆದರು, ನಿಜ. ಆದರೆ ಅದು ಹಣೆಯ ಬೊಟ್ಟಿನಂತೆ ಒಂದು ಗುರುತಾಯಿತೇ ಹೊರತು ಆ ದೇಹಕ್ಕೆ ಅದು ನೋವು ಕೊಟ್ಟಿತ್ತೆಂದು ತೋರುವುದಿಲ್ಲ. ಇದಕ್ಕೆ ಎದುರಾಗಿ ರೆಂಬ್ರಾಂಟ್ ೧೬೩೯ರಲ್ಲಿ ಮುಗಿಸಿದ, ಮ್ಯೂನಿಕ್ಕಿನಲ್ಲಿರುವ ಚಿತ್ರವನ್ನು ನೋಡಬೇಕು. ಅಲ್ಲಿ ಹಾರುವವನು ದೇವದೂತ, ಸಿಪಾಯಿಗಳು ಉರುಳುತ್ತಿದ್ದಾರೆ, ಕ್ರಿಸ್ತನೋ ಒಂದು ಮೂಲೆಯಲ್ಲಿ, ಶವವಸ್ತ್ರದಲ್ಲಿಯೇ, ಬಿಳಿಚಿದ ಮುಖದಿಂದ ಈಗತಾನೆ ಮೆಲ್ಲಗೆ ಮೇಲಕ್ಕೇಳುತ್ತಿದ್ದಾನೆ. ಸಾವು ಅವನನ್ನು ಇನ್ನೂ ಪೂರ್ತಿ ಬಿಟ್ಟಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಸ್ಟ್ಯಾನ್ಲಿ ಸ್ಪೆನ್ಸರ್ ಇಂಗ್ಲೆಂಡಿನ ಬರ್ಗ್‌ಕ್ಲಿಯರ್ ಮಂದಿರದಲ್ಲಿ ಮೊದಲನೆಯ ಮಹಾಯುದ್ಧದ ಸ್ಮರಣಾರ್ಥವಾಗಿ ಬರೆದ ಚಿತ್ರದಲ್ಲಿಯೂ ಇದೇ ನಿಷ್ಠೆಯಿದೆ: ಗೋರಿಗಳಿಂದೆದ್ದ ಸೈನಿಕರು ತಮ್ಮ ತಮ್ಮ ಬಿಳಿಯ ಶಿಲುಬೆಗಳನ್ನು ಹೊತ್ತು ತಂದು ಕ್ರಿಸ್ತನಿಗೆ ಒಪ್ಪಿಸುತ್ತಿದ್ದಾರೆ. ಸಾವನ್ನು ಯಾರೂ ಮರೆತಿಲ್ಲ.

೬

ಕನ್ನಡದಲ್ಲಿ ಈ ವಿಷಯವನ್ನು ಚಿಂತಿಸುವವನಿಗೆ ಪದವೇ ಒಂದು ಪ್ರಶ್ನೆಯಾಗಿ ನಿಲ್ಲುತ್ತದೆ. ಕನ್ನಡ ಬೈಬಲ್ಲು ಬಳಸುವ ‘ಪುನರುತ್ಥಾನ’ವನ್ನು ಕೇಳಿದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ‘ಪುನರ್ಜನ್ಮ’. ಎರಡೂ ಒಂದೇ ಎಂಬ ಭ್ರಾಂತಿಗೆ ಇದೇ ಮೂಲ. ಪುನರ್ಜನ್ಮದಲ್ಲಿ ದೇಹ ಹೊಸತು, ನೆನಪು ಅಳಿದದ್ದು. ಪುನರುತ್ಥಾನದಲ್ಲಿ ದೇಹ ಅದೇ, ಗಾಯ ಅದೇ. ಒಂದು ಪದ್ಧತಿ ಉತ್ತಮ, ಮತ್ತೊಂದು ಅಧಮ ಎಂಬ ವಿಚಾರ ಇಲ್ಲಿ ಇಲ್ಲ. ಬೇರೆ ಬೇರೆ ಎಂಬುದನ್ನು ಮರೆತರೆ ಚಿತ್ರ ಅರ್ಥವಾಗದು ಎಂಬುದಷ್ಟೆ ಇಲ್ಲಿಯ ಮಾತು.

ಆದರೆ ‘ಉತ್ಥಾನ’ ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಇನ್ನೊಂದು ಸ್ಮರಣೆಯೂ ಉಂಟು. ಕಾರ್ತಿಕ ಶುದ್ಧ ದ್ವಾದಶಿಯ ಸಂಜೆ ತುಳಸಿಯ ಮುಂದೆ ನೆಲ್ಲಿಯ ಕೊಂಬೆಯನ್ನು ನೆಟ್ಟು ದೀಪ ಹಚ್ಚುವ ಉತ್ಥಾನ ದ್ವಾದಶಿ ವಿಷ್ಣು ಯೋಗನಿದ್ರೆಯಿಂದ ಏಳುವ ಹಬ್ಬ. ಅಲ್ಲಿ ಉತ್ಥಾನವೆಂದರೆ ಎಚ್ಚರ. ಗ್ರೀಕ್ ಸುವಾರ್ತೆಗಳಲ್ಲಿಯೂ ಕ್ರಿಸ್ತನ ಏಳುವಿಕೆಗೆ ಬಳಕೆಯಾಗಿರುವ ಧಾತುಗಳು ಎರಡು. ಒಂದಕ್ಕೆ ‘ಎದ್ದು ನಿಲ್ಲು’ ಎಂದೂ ಮತ್ತೊಂದಕ್ಕೆ ‘ಎಚ್ಚರಿಸು’ ಎಂದೂ ಮೂಲಾರ್ಥ. ಮಲಗಿದ ನಾಲ್ವರ ಹಿಂದೆ ಎಚ್ಚರವಾಗಿ ನೆಟ್ಟಗೆ ನಿಂತ ಒಬ್ಬನನ್ನು ಬರೆದ ಪಿಯೆರೊ ಎರಡು ಧಾತುಗಳನ್ನೂ ಒಂದೇ ಗೋಡೆಯ ಮೇಲೆ ಅನುವಾದಿಸಿದನೆನ್ನಬಹುದು. ಹಾಗಾಗಿ ನಮ್ಮ ಬೈಬಲ್ಲಿನ ಅನುವಾದಕರು ಆರಿಸಿದ ಮಾತು ತಪ್ಪಲ್ಲ. ಅದನ್ನು ತಪ್ಪಾಗಿ ಕೇಳಿಸಿಕೊಂಡವರು ನಾವು.

ನಮ್ಮ ವೀರಗಲ್ಲುಗಳನ್ನು ಇದರೊಡನೆ ಹೋಲಿಸಿ ನೋಡುವುದು ಉಪಯುಕ್ತ. ಕೆಳಗಣ ಅಂಕಣದಲ್ಲಿ ಕಾಳಗ; ನಡುವೆ ಅಪ್ಸರೆಯರು ಸತ್ತ ವೀರನನ್ನು ಮೇಲಕ್ಕೆ ಒಯ್ಯುವುದು; ಮೇಲೆ ಶಿವಸನ್ನಿಧಿಯಲ್ಲಿ ಅವನು ಕುಳಿತಿರುವುದು. ಕರ್ನಾಟಕದ ಊರುಗಳಲ್ಲಷ್ಟೇ ಅಲ್ಲ, ಮುಂಬಯಿಯ ಬೊರಿವಲಿಯ ಸಮೀಪದ ಏಕ್ಸರದಲ್ಲಿಯೂ ಇಂಥ ಕಲ್ಲುಗಳು ನಿಂತಿವೆ. ಹಡಗುಗಳ ಕಾಳಗವನ್ನು ಕೆತ್ತಿದ ಕಲ್ಲುಗಳೂ ಅವುಗಳಲ್ಲಿವೆ. ವೀರಗಲ್ಲಿನ ವೀರ ಮರಳಿ ಬರುವುದಿಲ್ಲ, ಏರಿ ಹೋಗುತ್ತಾನೆ. ಮೇಲಣ ಅಂಕಣದಲ್ಲಿ ಅವನ ಮೈಗೆ ಸಾಮಾನ್ಯವಾಗಿ ಗಾಯದ ಗುರುತಿಲ್ಲ. ಹಾಗಾದರೆ ಅವನು ಪಟ್ಟ ನೋವನ್ನು ನೆನಪಿಡುವವರಾರು? ಕೆಳಗಣ ಅಂಕಣ, ಅಂದರೆ ಊರು. ಕ್ರೈಸ್ತಚಿತ್ರದಲ್ಲಿ ನೆನಪನ್ನು ಹೊತ್ತದ್ದು ದೇಹ. ನಮ್ಮಲ್ಲಿ ಹೊತ್ತದ್ದು ಕಲ್ಲು. ಎರಡರಲ್ಲಿಯೂ ನೆನಪಿಲ್ಲದೆ ಗೆಲವಿಲ್ಲ. ಗೋವಿಂದ ಪೈಯವರು ‘ಗೊಲ್ಗೊಥಾ’ದಲ್ಲಿ ಏಸುವಿನ ಕೊನೆಯ ದಿನವನ್ನೂ ‘ವೈಶಾಖಿ’ಯಲ್ಲಿ ಬುದ್ಧನ ಕೊನೆಯ ದಿನವನ್ನೂ ಆರಿಸಿಕೊಂಡದ್ದು ಇದೇ ಸಂಸ್ಕಾರದ ಫಲವೋ ಏನೋ; ಮಹಾತ್ಮರ ಗೆಲವನ್ನು ನಾವು ಅವರ ಕೊನೆಯ ಗಳಿಗೆಯಲ್ಲಿಯೇ ಹುಡುಕುವವರು.

೭

ಇಷ್ಟನ್ನು ಹೇಳಿದ ಮೇಲೆ ವಿಮರ್ಶೆಯೆಂಬ ವ್ಯವಸಾಯದ ಬಗೆಗೆ ಒಂದು ಮಾತು ಉಳಿಯುತ್ತದೆ. ಪಿಯೆರೊನ ಚಿತ್ರ ಬಹುಕಾಲ ಸುಣ್ಣದ ಕೆಳಗೆ ಹೂತುಹೋಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಹೊರಬಂತು. ೧೯೨೫ರಲ್ಲಿ ಆಲ್ಡಸ್ ಹಕ್ಸ್‌ಲಿಯವರು ತಮ್ಮ ಪ್ರವಾಸಪ್ರಬಂಧಗಳ ಒಂದು ಸಂಪುಟದಲ್ಲಿ, ಜಗತ್ತಿನ ಅತ್ಯುತ್ತಮ ಚಿತ್ರ ಇದೇ ಎಂದು ವಾದಿಸಿ ಒಂದು ಲೇಖನವನ್ನು ಬರೆದರು. ‘ಅತ್ಯುತ್ತಮ’ ಎಂಬ ಪಟ್ಟ ವಿಮರ್ಶಕನಿಗೆ ಶೋಭಿಸುವುದಲ್ಲವೆಂದು ಆಕ್ಷೇಪಿಸಬಹುದು. ಈ ಲೇಖಕನಿಗೂ ಅದು ಅತಿಯೆಂದೇ ತೋರುತ್ತದೆ. ಆದರೆ ೧೯೪೪ರಲ್ಲಿ ಟೋನಿ ಕ್ಲಾರ್ಕ್ ಎಂಬ ಬ್ರಿಟಿಷ್ ಫಿರಂಗಿಪಡೆಯ ತರುಣ ಅಧಿಕಾರಿ ಸಾನ್‌ಸೆಪೋಲ್ಕ್ರೊ ಊರಿನ ಮೇಲೆ ಗುಂಡು ಹಾರಿಸಲು ಆಜ್ಞೆ ಪಡೆದು ನಿಂತಿದ್ದಾಗ ಆ ಹೆಸರನ್ನು ಎಲ್ಲಿಯೋ ಓದಿದಂತೆ ಅವನಿಗೆ ನೆನಪಾಯಿತು. ಚಿತ್ರವನ್ನು ಅವನು ಎಂದೂ ಕಂಡಿರಲಿಲ್ಲ. ಹಕ್ಸ್‌ಲಿಯವರ ಲೇಖನವನ್ನು ಓದಿದ್ದ, ಅಷ್ಟೆ. ಅವನು ಗುಂಡಿನ ದಾಳಿಯನ್ನು ನಿಲ್ಲಿಸಿದ. ಜರ್ಮನರು ಅದಾಗಲೇ ಊರನ್ನು ಬಿಟ್ಟು ಹೋಗಿದ್ದರೆಂಬುದು ಆಮೇಲೆ ತಿಳಿಯಿತು. ಆ ಊರಿನ ಒಂದು ಬೀದಿಗೆ ಈಗ ಅವನ ಹೆಸರಿದೆ. ಚಿತ್ರದ ಜೀರ್ಣೋದ್ಧಾರ ೨೦೧೮ರಲ್ಲಿ ಮುಗಿದು ಅದರ ಬಣ್ಣಗಳು ಪುನಃ ತಿಳಿಯಾದುವು.

ಕಾಣದವನೊಬ್ಬ ಕಾಣದ ಚಿತ್ರವನ್ನು ಓದಿದ ಮಾತಿನ ಬಲದಿಂದ ಉಳಿಸಿದನು. ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಭಾಷ್ಯ ದೊರಕಲಾರದು. ಕಂಡವರಿಲ್ಲದ ಗಳಿಗೆಯೂ ಹೇಳಿದವರ, ಬರೆದವರ, ಕೇಳಿದವರ ಕೈಯಲ್ಲಿ ಬದುಕಬಲ್ಲದು. ಅವರು ಅದರ ಗಾಯವನ್ನು ಅಳಿಸದೆ ಇರಬೇಕು, ಇಷ್ಟೇ ನಿಯಮ.